ಕಾಯುವ ಹಾರ್ಮೋನಿಯಂ, ಕಾಯದ ಟ್ರ್ಯಾಕ್: ಶಿರಸಿಯ ನಾಲ್ಕು ಸಂಜೆಗಳ ನಾಟಕೋತ್ಸವ

ಕೊನೆಕೊಯ್ಲು ಇನ್ನೂ ಮುಗಿಯದ, ಸುಲಿಯಬೇಕಾದ ಹಸಿ ಅಡಿಕೆ ಅಂಗಳದಲ್ಲಿ ರಾಶಿ ಬಿದ್ದಿರುವ ದಿನಗಳಲ್ಲಿ ಸತತವಾಗಿ ನಾಲ್ಕು ಸಂಜೆ ಪೇಟೆಗೆ ಹೋಗಿ ಬರುವುದು ನಮ್ಮ ಕಡೆಯ ತೋಟದ ಮನೆಗಳಲ್ಲಿ ಸುಲಭದ ಮಾತಲ್ಲ. ಹಾಗಿದ್ದರೂ ಈ ಸಲ ಶಿರಸಿಯಲ್ಲಿ ನಡೆದ ನಾಟಕೋತ್ಸವಕ್ಕೆ ನಾನು ನಾಲ್ಕೂ ದಿನ ಹೋದೆ. ಮೊದಲ ದಿನ ಒಬ್ಬನೇ, ಉಳಿದ ಮೂರು ದಿನ ಎಂಬತ್ತರ ಹತ್ತಿರ ಬಂದಿರುವ ದೊಡ್ಡಪ್ಪನನ್ನೂ ಹೈಸ್ಕೂಲಿನಲ್ಲಿ ಓದುವ ತಂಗಿಯ ಮಗಳನ್ನೂ ಕರೆದುಕೊಂಡು. ಸಂಘಟಕರು ಈ ವರ್ಷ ನಗೆನಾಟಕ ಮತ್ತು ಸಂಗೀತ ನಾಟಕಗಳನ್ನಷ್ಟೇ ಆರಿಸಿಕೊಂಡಿದ್ದರು: ಮೊದಲ ದಿನ ಕೈಲಾಸಂ ಅವರ ‘ಟೊಳ್ಳು ಗಟ್ಟಿ’, ಎರಡನೆಯ ದಿನ ಪು.ತಿ. ನರಸಿಂಹಾಚಾರ್ ಅವರ ಗೀತನಾಟಕ ‘ಗೋಕುಲ ನಿರ್ಗಮನ’, ಮೂರನೆಯ ದಿನ ಹವ್ಯಕ ಕನ್ನಡದಲ್ಲಿ ಬರೆದ ಒಂದು ಹೊಸ ನಗೆನಾಟಕ, ಕೊನೆಯ ದಿನ ವೃತ್ತಿನಾಟಕ ಕಂಪನಿಗಳ ಕಾಲದ ‘ಸದಾರಮೆ’. ಈ ನಾಲ್ಕರಲ್ಲಿ ಎರಡು ಪ್ರಯೋಗಗಳು ಬಹುಕಾಲ ನೆನಪಿನಲ್ಲಿ ಉಳಿಯುವಂಥವು. ಒಂದು ತಡವಾಗಿ ಚೇತರಿಸಿಕೊಂಡಿತು. ಇನ್ನೊಂದು, ಒಳ್ಳೆಯ ನಟರು ಇದ್ದೂ, ಮೊದಲೇ ಮುದ್ರಿಸಿಟ್ಟ ಸಂಗೀತದಿಂದಾಗಿ ಕೆಟ್ಟಿತು. ಈ ವ್ಯತ್ಯಾಸಕ್ಕೆ ಕಾರಣವೇನೆಂದು ನಾಲ್ಕು ದಿನವೂ ಯೋಚಿಸುತ್ತಲೇ ಬಸ್ಸು ಹತ್ತಿದ ನನಗೆ ಕೊನೆಗೆ ಹೊಳೆದದ್ದು ಒಂದೇ ಸಂಗತಿ: ನಟನ ಮುಖವನ್ನೂ ಜನರ ಉಸಿರನ್ನೂ ಗಮನಿಸುತ್ತಾ ವಾದ್ಯ ನುಡಿಸುವ ಮನುಷ್ಯನೊಬ್ಬ ಅಲ್ಲಿ ಕುಳಿತಿದ್ದನೇ, ಇಲ್ಲವೇ ಎಂಬುದು.

ನಾಟಕಗಳ ಬಗ್ಗೆ ಹೇಳುವ ಮೊದಲು ಸಭಾಂಗಣದ ಬಗ್ಗೆ ಎರಡು ಮಾತು ಬರೆಯಬೇಕು, ಏಕೆಂದರೆ ನಗೆಯೂ ಹಾಡೂ ಕಿವಿಯನ್ನು ನಂಬಿದ ಕಲೆಗಳು. ಉತ್ಸವ ನಡೆದ ಸಭಾಂಗಣವನ್ನು ಮದುವೆ ಮತ್ತು ಭಾಷಣಗಳಿಗೆಂದು ಕಟ್ಟಿದ್ದಾರೆಯೇ ಹೊರತು ನಾಟಕಕ್ಕೆಂದಲ್ಲ. ಎತ್ತರದ ತಗಡಿನ ಮಾಡು, ಬರಿಯ ಸಿಮೆಂಟಿನ ಗೋಡೆ, ನುಣುಪಾದ ನೆಲ. ಆಡಿದ ಮಾತು ಗೋಡೆಗೆ ತಾಗಿ ಹಿಂದಿರುಗಿ ಬರುವಷ್ಟರಲ್ಲಿ ಮುಂದಿನ ಮಾತು ಹೊರಟಿರುತ್ತದೆ. ಖಾಲಿ ಇರುವಾಗ ಇದು ಹೆಚ್ಚು, ಜನ ತುಂಬಿದಾಗ ಕಡಿಮೆ, ಏಕೆಂದರೆ ಮನುಷ್ಯರ ಮೈಯೂ ಬಟ್ಟೆಯೂ ಸದ್ದನ್ನು ಹೀರಿಕೊಳ್ಳುತ್ತವೆ. ಎರಡನೆಯ ದಿನದಿಂದ ಯಾರೋ ಬುದ್ಧಿವಂತರು ಎರಡೂ ಬದಿಯ ಗೋಡೆಗೆ ದಪ್ಪ ಜಮಖಾನಗಳನ್ನು ಇಳಿಬಿಟ್ಟಿದ್ದರು. ನೋಡುವುದಕ್ಕೆ ಅಷ್ಟೇನೂ ಚಂದವಿರಲಿಲ್ಲ, ಆದರೆ ಮಾತು ಸ್ಪಷ್ಟವಾಯಿತು. ಬಣ್ಣದ ದೀಪಗಳಿಗೆ ಮಾಡುವ ಖರ್ಚಿನ ಸ್ವಲ್ಪ ಭಾಗವನ್ನು ಇಂಥ ಕೆಲಸಕ್ಕೆ ಮೀಸಲಿಟ್ಟರೆ ಪ್ರೇಕ್ಷಕನಿಗೆ ಆಗುವ ಲಾಭ ದೊಡ್ಡದು.

ಜಮಖಾನ ಇಲ್ಲದ ಮೊದಲ ದಿನ ಪೆಟ್ಟು ತಿಂದದ್ದು ‘ಟೊಳ್ಳು ಗಟ್ಟಿ’. 1918ರಲ್ಲಿ ಬಂದ ಈ ನಾಟಕಕ್ಕೆ ‘ಮಕ್ಕಳ ಸ್ಕೂಲ್ ಮನೇಲಲ್ವೇ’ ಎಂಬ ಇನ್ನೊಂದು ಹೆಸರೂ ಉಂಟು. ಪರೀಕ್ಷೆಯಲ್ಲಿ ಮೇಲೆ ಬರುವ ಪುಟ್ಟು ಮತ್ತು ಪರೀಕ್ಷೆಯಲ್ಲಿ ಸೋತರೂ ಮನೆಯ ಕಷ್ಟಕ್ಕೆ ಒದಗುವ ಮಾಧು ಎಂಬ ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ, ಓದು ಎಂದರೆ ಏನು ಎಂದು ಕೇಳುವ ನಾಟಕ ಇದು. ಅಂಕಪಟ್ಟಿಗಾಗಿ ಮಕ್ಕಳನ್ನು ಹಾಸ್ಟೆಲಿಗೆ ದೂಡುವುದು ನಮ್ಮ ಮಲೆನಾಡಿನ ಹಳ್ಳಿಗಳಲ್ಲಿಯೂ ವಾಡಿಕೆಯಾಗಿರುವಾಗ, ನೂರು ವರ್ಷ ದಾಟಿದ ಈ ಪ್ರಶ್ನೆ ಹಳತಾಗಿದೆ ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ.

ತೊಡಕು ಇದ್ದದ್ದು ಬೇರೆ ಕಡೆ. ಕೈಲಾಸಂ ಅವರ ಸಂಭಾಷಣೆ ಮೈಸೂರು ಸೀಮೆಯ ಮನೆಮಾತು. ಅಕ್ಷರಗಳನ್ನು ನುಂಗಿ, ನಡುನಡುವೆ ಇಂಗ್ಲಿಷನ್ನು ಸೇರಿಸಿ, ಒಂದೇ ಉಸಿರಿನಲ್ಲಿ ಓಡುವ ಮಾತು ಅದು. ಶಿರಸಿಯ ಕಿವಿಗೆ ಆ ಕನ್ನಡ ಪರಿಚಿತವಲ್ಲ ಎಂದು ಭಾವಿಸಿದ ತಂಡದವರು ಮೊದಲ ಕಾಲು ಗಂಟೆ ಪ್ರತಿಯೊಂದು ಮಾತನ್ನೂ ಬಿಡಿಸಿ, ನಿಧಾನವಾಗಿ, ಪಾಠ ಹೇಳುವಂತೆ ಹೇಳಿದರು. ಅರ್ಥ ಆಯಿತು, ನಗು ಬರಲಿಲ್ಲ. ಆ ಮಾತುಗಳಲ್ಲಿರುವ ನಗೆ ಅರ್ಥದಲ್ಲಿರುವಷ್ಟೇ ಓಟದಲ್ಲಿಯೂ ಇದೆ. ಓಟ ತೆಗೆದರೆ ಉಳಿಯುವುದು ಬರಿಯ ಮಾಹಿತಿ. ಅದರ ಜೊತೆಗೆ ಕೊರಳಿಗೆ ಸಿಕ್ಕಿಸಿದ ಸಣ್ಣ ಮೈಕುಗಳು ಸೀರೆಯ ಸೆರಗಿಗೂ ಶಾಲಿನ ಅಂಚಿಗೂ ಉಜ್ಜಿ ಗರಗರ ಸದ್ದು ಮಾಡುತ್ತಿದ್ದವು. ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ಹಿರಿಯರೊಬ್ಬರು ನನ್ನ ಕಡೆ ಬಾಗಿ, ‘ತಮಾ, ಯಂಗೆ ಎಂತದೂ ಕೇಳ್ತಿಲ್ಲೆ’ ಎಂದರು. ಮಧ್ಯಂತರದ ಹೊತ್ತಿಗೆ ತಂಡದವರಿಗೇ ಇದು ತಿಳಿದಿರಬೇಕು. ಎರಡನೆಯ ಭಾಗದಲ್ಲಿ ಆ ಸಣ್ಣ ಮೈಕುಗಳನ್ನು ಬಿಚ್ಚಿಟ್ಟು, ರಂಗದ ಅಂಚಿನಲ್ಲಿ ಎರಡು ಮೈಕುಗಳನ್ನಷ್ಟೇ ನೆಲಕ್ಕೆ ಹತ್ತಿರವಾಗಿ ಇಟ್ಟುಕೊಂಡು, ನಟರು ತಮ್ಮ ಸ್ವಂತ ಗಂಟಲನ್ನು ನಂಬಿ, ಮಾತಿಗೆ ಅದರದೇ ವೇಗವನ್ನು ಮರಳಿ ಕೊಟ್ಟರು. ಕೂಡಲೇ ಸಭೆ ಎಚ್ಚೆತ್ತಿತು. ಆಮೇಲಿನ ಮುಕ್ಕಾಲು ಗಂಟೆಯಲ್ಲಿ ಎಷ್ಟು ಸಲ ಇಡೀ ಸಭಾಂಗಣ ಒಟ್ಟಿಗೆ ನಕ್ಕಿತೆಂದು ನಾನು ಲೆಕ್ಕ ಇಡಲಿಲ್ಲ. ಆದರೆ ತಂದೆಯ ಪಾತ್ರ ಮಾಡಿದ ನಟರು ನಗೆಯ ಅಲೆ ಏರುವವರೆಗೆ ಸುಮ್ಮನಿದ್ದು, ಅದು ಇಳಿಯತೊಡಗಿದಾಗ, ಪೂರ್ತಿ ನಿಲ್ಲುವುದಕ್ಕೆ ಸ್ವಲ್ಪ ಮೊದಲೇ, ಮುಂದಿನ ಮಾತನ್ನು ಎತ್ತಿಕೊಳ್ಳುತ್ತಿದ್ದ ರೀತಿಯನ್ನು ಗಮನವಿಟ್ಟು ನೋಡಿದೆ. ಪೂರ್ತಿ ನಿಲ್ಲುವವರೆಗೆ ಕಾದರೆ ಸಭೆ ತಣ್ಣಗಾಗುತ್ತದೆ, ಏರುವಾಗಲೇ ಮಾತಾಡಿದರೆ ಮಾತು ನಗೆಯಲ್ಲಿ ಮುಳುಗುತ್ತದೆ. ನುರಿತ ತಬಲಾವಾದಕ ತಾಳದ ಮೊದಲ ಪೆಟ್ಟಾದ ಸಮಕ್ಕೆ ಬಂದು ಸೇರುವ ಹಾಗೆ ಅವರು ಆ ಜಾಗಕ್ಕೆ ಬಂದು ಸೇರುತ್ತಿದ್ದರು.

ಎರಡನೆಯ ದಿನದ ‘ಗೋಕುಲ ನಿರ್ಗಮನ’ದ ಬಗ್ಗೆ ನನಗೆ ಹೋಗುವಾಗ ಸ್ವಲ್ಪ ಅಳುಕಿತ್ತು. ಇಡೀ ನಾಟಕ ಹಾಡಿನಲ್ಲಿಯೇ ನಡೆಯುತ್ತದೆ. ನಗೆನಾಟಕಕ್ಕೆಂದು ಬಂದ ಮನೆಯವರು ಬೇಸರಪಟ್ಟರೆ ಎಂಬ ಅಳುಕು. ಕಥೆ ಎಲ್ಲರಿಗೂ ಗೊತ್ತಿರುವುದೇ: ಕಂಸನ ಬಿಲ್ಲಹಬ್ಬಕ್ಕೆಂದು ಅಕ್ರೂರ ರಥ ತರುತ್ತಾನೆ, ಕೃಷ್ಣ ಮಧುರೆಗೆ ಹೊರಡುತ್ತಾನೆ, ಕೊಳಲು ಹಿಂದೆ ಉಳಿಯುತ್ತದೆ. ಬಿ.ವಿ. ಕಾರಂತರು ಇದನ್ನು ರಂಗಕ್ಕೆ ತಂದ ಮೇಲೆ ಕನ್ನಡದ ರಂಗಸಂಗೀತದ ಮಾತು ಬಂದಲ್ಲೆಲ್ಲ ಈ ನಾಟಕದ ಮಾತು ಬರುವುದು ವಾಡಿಕೆಯಾಗಿದೆ. ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿ ಬೆಳೆದ ಕಾರಂತರು ಕಂಪನಿಯ ಹಾಡಿಕೆಯನ್ನೂ ಯಕ್ಷಗಾನದ ಬನಿಯನ್ನೂ ಶಾಸ್ತ್ರೀಯ ಸಂಗೀತದ ಅಭ್ಯಾಸವನ್ನೂ ಒಟ್ಟಿಗೆ ತಂದು, ರಂಗದ ಮೇಲಿನ ಹಾಡು ಕಛೇರಿಯ ಹಾಡಿನಂತೆ ತನ್ನ ಪಾಡಿಗೆ ತಾನು ಬೆಳೆಯಬಾರದು, ಅದು ಪಾತ್ರದ ಮಾತಿನಿಂದ ಹುಟ್ಟಿ ಮತ್ತೆ ಮಾತಿಗೇ ಮರಳಬೇಕು ಎಂಬ ಹಾದಿಯನ್ನು ತಮ್ಮ ಪ್ರಯೋಗಗಳಲ್ಲಿ ತೋರಿಸಿಕೊಟ್ಟರು. ಶಿರಸಿಗೆ ಬಂದ ತಂಡ ಅದೇ ಹಾದಿಯನ್ನು ಹಿಡಿದಿತ್ತು. ರಂಗದ ಎಡಬದಿಯಲ್ಲಿ, ಪ್ರೇಕ್ಷಕರಿಗೆ ಕಾಣುವಂತೆಯೇ, ಒಂದು ಹಾರ್ಮೋನಿಯಂ, ತಬಲಾ, ಕೊಳಲು, ಸಣ್ಣ ತಾಳ, ಜೊತೆಗೆ ಹಾಡುವ ಆರು ಮಂದಿ. ಅಷ್ಟೇ. ವಿದ್ಯುತ್ ವಾದ್ಯ ಒಂದೂ ಇರಲಿಲ್ಲ.

ಹಾಡುವ ನಾಟಕಗಳಲ್ಲಿ ಶ್ರುತಿಯ ಆಯ್ಕೆ ಎಷ್ಟು ಕಷ್ಟದ್ದು ಎಂಬುದನ್ನು ಕೇಳುವವರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಕೃಷ್ಣನ ಪಾತ್ರ ಮಾಡಿದ ಹುಡುಗನ ಕಂಠಕ್ಕೆ ಹೊಂದುವುದು ಹಾರ್ಮೋನಿಯಂನ ಕಪ್ಪು ಮನೆಗಳಲ್ಲಿ ಒಂದನೆಯದೋ ಎರಡನೆಯದೋ. ಗೋಪಿಯರಿಗೆ ಕಪ್ಪು ನಾಲ್ಕಾದರೂ ಬೇಕು. ಒಂದೇ ಶ್ರುತಿಯಲ್ಲಿ ಎಲ್ಲರನ್ನೂ ಹಾಡಿಸಿದರೆ ಒಬ್ಬರು ಕೆಳಗೆ ತಡಕಾಡುತ್ತಾರೆ, ಇನ್ನೊಬ್ಬರು ಮೇಲೆ ಕಿರುಚುತ್ತಾರೆ. ಈ ತಂಡದ ಸಂಗೀತ ನಿರ್ದೇಶಕರು ಕೃಷ್ಣನ ಹಾಡಿನ ಮಧ್ಯಮವನ್ನೇ (‘ಮ’) ಗೋಪಿಯರ ಷಡ್ಜವಾಗಿ (‘ಸ’) ಮಾಡಿಕೊಂಡು, ಕೇಳುವವರಿಗೆ ಎಲ್ಲಿಯೂ ಹೊಲಿಗೆ ಕಾಣದಂತೆ, ಒಬ್ಬರಿಂದ ಇನ್ನೊಬ್ಬರಿಗೆ ಹಾಡನ್ನು ದಾಟಿಸುತ್ತಿದ್ದರು. ನನಗೆ ಇದು ಮೊದಲು ತಿಳಿಯಲಿಲ್ಲ; ಹರೆಯದಲ್ಲಿ ತಾಳಮದ್ದಳೆಗೆ, ಅಂದರೆ ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನಕ್ಕೆ, ಮದ್ದಳೆ ಬಾರಿಸುತ್ತಿದ್ದ ದೊಡ್ಡಪ್ಪನ ಬೆರಳುಗಳು ಕುರ್ಚಿಯ ಕೈಯ ಮೇಲೆ ಒಮ್ಮೆಲೇ ನಿಂತು ಮತ್ತೆ ಆಡತೊಡಗಿದ್ದನ್ನು ನೋಡಿ, ಏನೋ ಬದಲಾಯಿತು ಎಂದು ಕಿವಿಗೊಟ್ಟಾಗ ತಿಳಿಯಿತು.

ಅಕ್ರೂರನ ಪಾತ್ರ ಮಾತ್ರ ಸ್ವಲ್ಪ ಜಡವಾಗಿತ್ತು. ಕೃಷ್ಣನನ್ನು ಕರೆದೊಯ್ಯಲು ಬಂದ ಅವನೊಳಗೂ ಭಕ್ತಿ ಮತ್ತು ಅಪರಾಧಭಾವ ಎರಡೂ ಇರಬೇಕು. ಇಲ್ಲಿ ಅವನು ಓಲೆ ತಂದ ದೂತನಂತೆ ನಿಂತಿದ್ದ. ಆದರೆ ಕೊನೆಯಲ್ಲಿ ಕೊಳಲು ನೆಲದ ಮೇಲೆ ಉಳಿದು, ರಥದ ಸದ್ದನ್ನು ತಬಲಾದ ಎಡಗೈ ಒಂದೇ ನುಡಿಸುತ್ತಾ ಕ್ರಮೇಣ ದೂರಕ್ಕೆ ಒಯ್ದಾಗ, ಅದುವರೆಗೆ ಇಡೀ ನಾಟಕದಲ್ಲಿ ಕೇಳುತ್ತಿದ್ದ ಕೊಳಲುವಾದಕರು ಕೊಳಲನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತರು. ನುಡಿಸುವವನು ನುಡಿಸದೆ ಕುಳಿತದ್ದು ನಮ್ಮ ಕಣ್ಣಿಗೆ ಕಾಣುತ್ತಿತ್ತು, ಅದಕ್ಕಾಗಿಯೇ ಆ ಮೌನ ಅಷ್ಟು ಭಾರವಾಯಿತು. ತಂಗಿಯ ಮಗಳು ಬಸ್ಸಿನಲ್ಲಿ ಕೇಳಿದ ಮೊದಲ ಪ್ರಶ್ನೆ, ‘ಮಾವ, ಅವರು ಕೊನೆಯಲ್ಲಿ ಯಾಕೆ ಕೊಳಲು ಬಾರಿಸಲಿಲ್ಲ?’ ಎಂಬುದು.

ಹಾಡುವ ನಾಟಕವನ್ನು ನಮ್ಮ ಜಿಲ್ಲೆಯ ಜನ ಇಷ್ಟು ಸಲೀಸಾಗಿ ಒಪ್ಪಿಕೊಳ್ಳುವುದಕ್ಕೆ ಯಕ್ಷಗಾನವೇ ಕಾರಣ ಎಂದು ನನಗೆ ತೋರುತ್ತದೆ. ಪಾತ್ರವೊಂದು ಮಾತು ನಿಲ್ಲಿಸಿ ಹಾಡಿಗೆ ಕುಣಿದರೆ, ಹಾಡು ನಿಂತು ಮಾತು ಬಂದರೆ, ಇಲ್ಲಿ ಯಾರಿಗೂ ಆಶ್ಚರ್ಯವಾಗುವುದಿಲ್ಲ. 1842ರ ಸುಮಾರಿಗೆ ನಮ್ಮ ಕರಾವಳಿಯ ಕಡೆಯ ಯಕ್ಷಗಾನದ ಭಾಗವತ ಮೇಳವೊಂದು ಸಾಂಗ್ಲಿಯ ಆಸ್ಥಾನದಲ್ಲಿ ಆಟ ಆಡಿದ ಮೇಲೆಯೇ ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದರು, ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಅಲ್ಲಿಂದ ಎಣಿಸುತ್ತದೆ ಎಂಬುದನ್ನು ಹೊನ್ನಾವರ, ಕುಮಟಾ ಕಡೆಯ ಹಿರಿಯರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಮುಂದೆ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದ ಮೇಲೆ ಆ ಸಂಗೀತ ನಾಟಕದ ಗಾಳಿ ಮತ್ತೆ ನಮ್ಮ ಕಡೆಗೂ ಬೀಸಿತು. ಇಲ್ಲಿಂದ ಹೋದದ್ದು ಬೇರೆ ವೇಷದಲ್ಲಿ ಇಲ್ಲಿಗೇ ಬಂತು ಎಂದರೆ ತಪ್ಪಾಗದು.

ಮೂರನೆಯ ದಿನದ ನಾಟಕಕ್ಕೆ ಬಂದಷ್ಟು ಜನ ಉಳಿದ ಯಾವ ದಿನವೂ ಬಂದಿರಲಿಲ್ಲ. ಹವ್ಯಕ ಕನ್ನಡದ ನಗೆನಾಟಕ ಎಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮೂಲೆಮೂಲೆಯಿಂದ ಜೀಪು ಮಾಡಿಕೊಂಡು ಬರುತ್ತಾರೆ. ಕಥೆ ಸರಳ: ತೋಟದ ಮನೆಯ ಮಗನಿಗೆ ಹೆಣ್ಣು ಸಿಗುವುದಿಲ್ಲ, ಬೆಂಗಳೂರಿನ ನೌಕರಿ ಬಿಟ್ಟು ಬಂದವನೆಂಬುದನ್ನು ಮುಚ್ಚಿಡಲು ಮನೆಯವರೆಲ್ಲ ಸೇರಿ ಒಂದು ಸುಳ್ಳು ಹೇಳುತ್ತಾರೆ, ಒಂದು ಸುಳ್ಳಿಗೆ ಹತ್ತು ಸುಳ್ಳು ಸೇರುತ್ತವೆ. ಕೃಷಿ ಮಾಡುವ ಹುಡುಗರಿಗೆ ಮದುವೆಯಾಗದಿರುವುದು ನಮ್ಮ ಊರುಗಳಲ್ಲಿ ನಿಜವಾದ ನೋವು. ಅದನ್ನು ನಗೆಯ ಮೂಲಕ ಹೇಳಿದ ನಾಟಕಕಾರರ ಧೈರ್ಯವನ್ನು ನಾನು ಮೆಚ್ಚುತ್ತೇನೆ. ಅಜ್ಜಿಯ ಪಾತ್ರ ಮಾಡಿದ ಕಲಾವಿದೆಯಂತೂ ಅದ್ಭುತ. ಕವಳದ ಸಂಚಿಯನ್ನು ಬಿಚ್ಚಿ, ಅಡಿಕೆ ಹೋಳನ್ನು ಆರಿಸಿ, ಎಲೆಗೆ ಸುಣ್ಣ ಸವರಿ, ಬಾಯಿಗೆ ಹಾಕಿಕೊಳ್ಳುವವರೆಗೆ ಒಂದು ಮಾತೂ ಆಡದೆ ಬೀಗರನ್ನು ಅವರು ಅಳೆದು ನೋಡಿದ ಎರಡು ನಿಮಿಷ, ನಾಲ್ಕೂ ದಿನಗಳಲ್ಲಿ ನಾನು ಕಂಡ ಅತ್ಯುತ್ತಮ ಹಾಸ್ಯಾಭಿನಯ. ಹಾಸ್ಯವೆಂದರೆ ವಿಕಾರವಾಗಿ ಮುಖ ಮಾಡುವುದಲ್ಲ, ನಮ್ಮ ಮನೆಯ ಜಗುಲಿಯಲ್ಲಿ ನಡೆಯುವುದನ್ನೇ ಸರಿಯಾದ ಲಯದಲ್ಲಿ ಮುಂದಿಡುವುದು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಂಥ ಕಲಾವಿದೆ ಇದ್ದ ನಾಟಕವನ್ನು ಕೆಡಿಸಿದ್ದು ಧ್ವನಿಮುದ್ರಿತ ಸಂಗೀತ. ನಾಟಕದ ಏಳು ಹಾಡುಗಳೂ, ನಡುವೆ ಬರುವ ಹಿನ್ನೆಲೆ ಸದ್ದುಗಳೂ ಒಂದು ಲ್ಯಾಪ್‌ಟಾಪಿನಲ್ಲಿದ್ದವು. ಹಾಡುಗಳನ್ನು ಕಂಠವೂ ಸೇರಿದಂತೆ ಮೊದಲೇ ಮುದ್ರಿಸಿಟ್ಟಿದ್ದರಿಂದ ನಟರು ಬಾಯಾಡಿಸುವುದಷ್ಟೇ ಉಳಿದಿತ್ತು. ಅಜ್ಜಿಯ ಒಂದು ಮಾತಿಗೆ ಸಭೆ ಬಿದ್ದು ಬಿದ್ದು ನಗುತ್ತಿರುವಾಗಲೇ, ಮೊದಲೇ ಗೊತ್ತುಮಾಡಿದ ಗಳಿಗೆ ಬಂತೆಂದು, ಢಣ್ ಎಂದು ಹಾಡು ಶುರುವಾಯಿತು. ನಗು ಅರ್ಧಕ್ಕೆ ನಿಂತಿತು, ಹಾಡಿನ ಮೊದಲ ಎರಡು ಸಾಲು ಯಾರಿಗೂ ಕೇಳಲಿಲ್ಲ. ಇನ್ನೊಂದು ಕಡೆ ಮಾವನ ಪಾತ್ರದವರು ಹೊಸ ಮಾತೊಂದನ್ನು ಸ್ಥಳದಲ್ಲಿಯೇ ಹುಟ್ಟಿಸಿ ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು, ಅವರಿಗೂ ಉತ್ಸಾಹ ಬಂದು ಅದನ್ನು ಇನ್ನೂ ಬೆಳೆಸಬೇಕೆಂದಿದ್ದರು, ಅಷ್ಟರಲ್ಲಿ ಟ್ರ್ಯಾಕ್ ಅವರ ಮಾತಿನ ಮೇಲೆಯೇ ಬಂದು ಕುಳಿತುಬಿಟ್ಟಿತು. ಆ ನಟರ ಮುಖದಲ್ಲಿ ಒಂದು ಕ್ಷಣ ಕಂಡ ಪೆಚ್ಚು ನನ್ನನ್ನು ನಿಜವಾಗಿ ನೋಯಿಸಿತು. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನ ಆಟದಲ್ಲಿ ಹಾಸ್ಯಗಾರ ಮಾತು ಬೆಳೆಸುತ್ತಾ ಹೋದರೆ ಪದ್ಯ ಹಾಡುವ ಭಾಗವತರು ತಾಳ ಹಿಡಿದುಕೊಂಡು ಕಾಯುತ್ತಾರೆ, ಮಾತು ಹಣ್ಣಾದಾಗ ಪದ್ಯ ಎತ್ತುತ್ತಾರೆ, ಅತಿಯಾದರೆ ಪದ್ಯ ಎತ್ತಿಯೇ ಮೊಟಕುಗೊಳಿಸುತ್ತಾರೆ. ಈ ತಿಳಿವು ನಮ್ಮ ಮಣ್ಣಿನಲ್ಲಿಯೇ ಇರುವಾಗ, ಅದೇ ಮಣ್ಣಿನ ಮಾತಿನಲ್ಲಿ ಬರೆದ ನಾಟಕ ಲ್ಯಾಪ್‌ಟಾಪಿನ ಎದುರು ಕೈಕಟ್ಟಿ ನಿಂತದ್ದು ದುಃಖದ ಸಂಗತಿ. ಹಣದ ಅಡಚಣೆ ನನಗೆ ಅರ್ಥವಾಗುತ್ತದೆ. ವಾದ್ಯದವರನ್ನು ಊರೂರಿಗೆ ಕರೆದೊಯ್ಯಲು ವಾಹನ, ಊಟ, ಗೌರವಧನ ಎಲ್ಲವೂ ಬೇಕು. ಆದರೂ ಏಳು ಹಾಡುಗಳ ಅದ್ದೂರಿ ಮುದ್ರಣಕ್ಕಿಂತ ಮೂರು ಹಾಡು, ಒಂದು ಹಾರ್ಮೋನಿಯಂ, ಒಂದು ಡೋಲಕ್ ಸಾಕಿತ್ತು ಎಂದು ನಾನು ತಂಡದ ನಿರ್ದೇಶಕರಿಗೆ ಅಂದೇ ರಾತ್ರಿ ಹೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

ನಾಲ್ಕನೆಯ ದಿನ ‘ಸದಾರಮೆ’. ಶಿರಸಿಯವರಿಗೆ ಕಂಪನಿ ನಾಟಕ ಹೊಸದಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯಲ್ಲಿ ನಾಟಕ ಕಂಪನಿಗಳು ಡೇರೆ ಹಾಕುವುದು, ಜಾತ್ರೆಗೆ ಬಂದವರು ದೇವಿಯ ದರ್ಶನ ಮುಗಿಸಿ ನಾಟಕಕ್ಕೆ ಹೋಗಿ ಕುಳಿತುಕೊಳ್ಳುವುದು ಹಿಂದಿನಿಂದ ಬಂದ ರೂಢಿ. ನಾನೂ ಚಿಕ್ಕವನಿದ್ದಾಗ ಅಪ್ಪನ ಹೆಗಲ ಮೇಲೆ ಕುಳಿತು ಅಂಥ ಡೇರೆಯೊಳಗೆ ಹೋದವನೇ. ಆದರೆ ಈಚಿನ ವರ್ಷಗಳಲ್ಲಿ ಆ ಡೇರೆಗಳಲ್ಲಿ ಹಾಡಿನ ಜಾಗವನ್ನು ಸಿನಿಮಾ ಗೀತೆಯ ನೃತ್ಯವೂ ಹಾಸ್ಯದ ಜಾಗವನ್ನು ಎರಡರ್ಥದ ಮಾತೂ ಹಿಡಿದುಕೊಂಡಿದ್ದರಿಂದ, ಹೆಂಗಸರು ಮಕ್ಕಳನ್ನು ಕರೆದೊಯ್ಯಲು ಹಿಂಜರಿಯುವ ನಮ್ಮಂಥವರಿಗೆ ಕಂಪನಿ ನಾಟಕ ದೂರವಾಗಿತ್ತು. ಹಾಗಾಗಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಹೆಸರಿನ ಜೊತೆ ಬೆಸೆದುಕೊಂಡಿರುವ, ಅದರ ಕಳ್ಳನ ಪಾತ್ರದಿಂದ ಗುಬ್ಬಿ ವೀರಣ್ಣನವರು ನಾಡಿಗೆಲ್ಲ ಮನೆಮಾತಾದ, ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರು ‘ಮಿಸ್ ಸದಾರಮೆ’ಯಾಗಿ ಹೊಸದಾಗಿ ಕಟ್ಟಿದ ಈ ನಾಟಕ, ಹಳೆಯ ಮಟ್ಟುಗಳಲ್ಲಿ, ನೇರ ಹಾಡಿಕೆಯಲ್ಲಿ ಬರುತ್ತದೆ ಎಂದಾಗ ದೊಡ್ಡಪ್ಪ ಮಧ್ಯಾಹ್ನದಿಂದಲೇ ಶಾಲು ಹೊದ್ದು ತಯಾರಾಗಿದ್ದರು.

ತಂಡದವರು ಕಂಪನಿ ನಾಟಕದ ರಾತ್ರಿಯುದ್ದದ ಆಟವನ್ನು ಎರಡೂವರೆ ಗಂಟೆಗೆ ಇಳಿಸಿದ್ದರು. ಕತ್ತರಿ ಹಾಕುವಾಗ ಸಾಮಾನ್ಯವಾಗಿ ಹಾಡುಗಳನ್ನು ಕಿತ್ತು ಕಥೆಯನ್ನು ಉಳಿಸುತ್ತಾರೆ; ಇವರು ಕಥೆಯ ಕವಲುಗಳನ್ನು ಕಿತ್ತು ಹಾಡುಗಳನ್ನು ಉಳಿಸಿದ್ದರು, ಅದೇ ಸರಿಯಾದ ನಿರ್ಧಾರ. ಅರಮನೆ, ಬೀದಿ, ಕಾಡು ಎಂದು ಮೂರೇ ಪರದೆ. ಪರದೆ ಸುತ್ತಿ ಮೇಲೇರುವಾಗ ಕಿರುಗುಟ್ಟುವ ಸದ್ದಿಗೇ ಹಿಂದಿನ ಸಾಲಿನ ವಯಸ್ಸಾದವರು ಸಂತೋಷಪಟ್ಟರು. ರಂಗದ ಕೆಳಗೆ, ಪ್ರೇಕ್ಷಕರಿಗೆ ಬೆನ್ನು ಹಾಕಿ, ನಟರಿಗೆ ಮುಖ ಮಾಡಿ, ಕಾಲು ಹಾರ್ಮೋನಿಯಂ. ಕೈಹಾರ್ಮೋನಿಯಂ ನುಡಿಸುವವನಿಗೆ ಒಂದು ಕೈ ತಿದಿ ಒತ್ತುವುದಕ್ಕೇ ಹೋಗುತ್ತದೆ. ಇಲ್ಲಿ ಪಾದಗಳು ಗಾಳಿ ತುಂಬುವುದರಿಂದ ಎರಡೂ ಕೈ ಮನೆಗಳ ಮೇಲೆ ಓಡಾಡಬಹುದು. ಮೈಕು ಇಲ್ಲದ ಕಾಲದಲ್ಲಿ ಡೇರೆಯ ಕೊನೆಯ ಸಾಲಿಗೂ ಕೇಳಬೇಕಾದ ನಾದ ಅದು, ಗಟ್ಟಿಯಾಗಿದ್ದರೂ ಕರ್ಕಶವಲ್ಲ. ಅದನ್ನು ನುಡಿಸಿದವರಿಗೆ ಅರವತ್ತು ದಾಟಿರಬಹುದು. ಅವರ ಕಣ್ಣು ಇಡೀ ರಾತ್ರಿಯಲ್ಲಿ ಒಮ್ಮೆಯೂ ತಮ್ಮ ಬೆರಳಿನ ಮೇಲೆ ಇರಲಿಲ್ಲ, ನಟರ ಬಾಯಿಯ ಮೇಲಿತ್ತು.

ಅವರು ಏನು ಮಾಡುತ್ತಿದ್ದರು ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ಸದಾರಮೆಯನ್ನು ಕಾಡಿನ ದಾರಿಯಲ್ಲಿ ಕರೆದೊಯ್ಯುವ ಕಳ್ಳ ತನ್ನ ಕಸುಬಿನ ಹಿರಿಮೆಯನ್ನು ಹಾಡುತ್ತಾ, ಒಂದು ಸಾಲು ಹಾಡಿ, ಎದುರು ಕುಳಿತ ಜನರ ಜೇಬುಗಳನ್ನು ಒಂದೊಂದಾಗಿ ದಿಟ್ಟಿಸಿ ನೋಡುತ್ತಾನೆ. ಸಭೆ ನಕ್ಕಿತು. ನಕ್ಕು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಐದಾರು ವರ್ಷದ ಹುಡುಗನೊಬ್ಬನಿಗೆ ಆಗಷ್ಟೇ ಅರ್ಥವಾಗಿ, ಅವನೊಬ್ಬನೇ ದೊಡ್ಡದಾಗಿ ನಗತೊಡಗಿದ. ಅವನ ನಗು ಕೇಳಿ ಸಭೆ ಮತ್ತೊಮ್ಮೆ ನಕ್ಕಿತು. ಮೊದಲ ನಗೆಯ ಕೊನೆಗೆ ಎರಡನೆಯ ಸಾಲಿನ ಸ್ವರ ಹಿಡಿದಿದ್ದ ಹಾರ್ಮೋನಿಯಂ ಹಿಂದಕ್ಕೆ ಸರಿದು, ಷಡ್ಜದ ಮೇಲೆ ಮೆಲ್ಲಗೆ ನಿಂತಿತು. ತಬಲಾ ಸದ್ದು ತಗ್ಗಿಸಿ ಠೇಕಾ, ಅಂದರೆ ತಾಳದ ಮೂಲ ನಡೆ, ಮಾತ್ರ ಕೊಡುತ್ತಾ ಹೋಯಿತು. ಕಳ್ಳ ಆ ಹುಡುಗನ ಕಡೆ ನೋಡಿ, ತನ್ನ ಸ್ವಂತ ಜೇಬನ್ನೇ ಗಟ್ಟಿಯಾಗಿ ಮುಚ್ಚಿಕೊಂಡ. ಮೂರನೆಯ ಬಾರಿ ಎದ್ದ ನಗೆ ಇಳಿಯುತ್ತಿದ್ದಂತೆ ಹಾರ್ಮೋನಿಯಂ ಪಂಚಮಕ್ಕೆ ಏರಿ ಕರೆಯಿತು, ತಬಲಾ ಒಂದೇ ನುಡಿಯನ್ನು ಮೂರು ಸಲ ನುಡಿಸುವ ತಿಹಾಯಿ ಹೊಡೆದು ಸಮಕ್ಕೆ ತಂದಿತು, ಹಾಡಿನ ಎರಡನೆಯ ಸಾಲು ಅಲ್ಲಿಂದ ಏನೂ ಆಗದಂತೆ ಮುಂದುವರಿಯಿತು. ಯಾವ ತಾಲೀಮಿನಲ್ಲಿಯೂ ಇಲ್ಲದ ಈ ಒಂದು ನಿಮಿಷವನ್ನು ಮೂವರು ಕಲಾವಿದರೂ ಒಬ್ಬ ಹುಡುಗನೂ ಸೇರಿ ನಮ್ಮ ಕಣ್ಣೆದುರೇ ಕಟ್ಟಿದರು. ಹಿಂದಿನ ದಿನದ ಟ್ರ್ಯಾಕಿನ ನೆನಪು ಇನ್ನೂ ಹಸಿಯಾಗಿದ್ದ ನನಗೆ ಆಗ ಕಣ್ಣು ತುಂಬಿ ಬಂದದ್ದನ್ನು ಮುಚ್ಚಿಡುವುದಿಲ್ಲ.

ಸದಾರಮೆಯ ಪಾತ್ರದ ಕಲಾವಿದೆಯ ಕಂಠ ಎತ್ತರದಲ್ಲಿ ಸ್ವಲ್ಪ ಸಣ್ಣದಾಗುತ್ತಿತ್ತು, ಆದರೆ ಅವರು ಮಾತಿನಿಂದ ಹಾಡಿಗೆ ಜಾರುವ ರೀತಿ ಬಹಳ ಹಿತವಾಗಿತ್ತು. ಮಾತಿನ ಕೊನೆಯ ಪದವೇ ಹಾಡಿನ ಮೊದಲ ಸ್ವರವಾಗಿ ಬಿಡುತ್ತಿತ್ತು. ಗಂಡುವೇಷ ತೊಟ್ಟ ಮೇಲೆ ಅದೇ ಕಂಠವನ್ನು ಅವರು ಒಂದು ಮೆಟ್ಟಿಲು ಕೆಳಗಿಳಿಸಿ ಮಾತಾಡಿದ್ದು, ಹಾಡುವಾಗ ಮಾತ್ರ ಮರೆತು ಮೇಲೇರಿ ಮತ್ತೆ ತಡವರಿಸಿಕೊಂಡು ಇಳಿದದ್ದು, ಬೇಕೆಂದೇ ಮಾಡಿದ ಹಾಸ್ಯ, ಮತ್ತು ಬಹಳ ಜಾಣತನದ್ದು. ರಾಜಕುಮಾರನ ಪಾತ್ರ ನೆನಪಿನಲ್ಲಿ ಉಳಿಯಲಿಲ್ಲ. ಕೊನೆಗೆ ಮಂಗಳ ಹಾಡುವಾಗ ಇಡೀ ತಂಡದ ಜೊತೆ ಪರದೆ ಎಳೆಯುವವರನ್ನೂ ಬಣ್ಣದ ಕೋಣೆಯವರನ್ನೂ ರಂಗಕ್ಕೆ ಕರೆತಂದು ನಿಲ್ಲಿಸಿದ್ದರು. ಸಭೆಯಿಂದ ‘ಒನ್ಸ್ ಮೋರ್’ ಎಂಬ ಕೂಗು ಎದ್ದಾಗ ಕಳ್ಳನ ಪಾತ್ರದವರು ಹಾರ್ಮೋನಿಯಂ ಕಡೆ ಕೈ ತೋರಿಸಿದರು. ಆ ಹಿರಿಯರು ಎದ್ದು ನಿಂತು, ನಮ್ಮ ಕಡೆ ತಿರುಗಿ, ಆ ರಾತ್ರಿ ಮೊದಲ ಬಾರಿಗೆ ಪ್ರೇಕ್ಷಕರಿಗೆ ಮುಖ ತೋರಿಸಿ ಕೈಮುಗಿದರು.

ಮುಂದಿನ ವರ್ಷ ಹೋಗಬೇಕೆಂದಿರುವವರಿಗೆ ಕೆಲವು ಮಾತು. ನಾಲ್ಕೂ ದಿನಕ್ಕೆ ಸೇರಿ ತೆಗೆದುಕೊಂಡ ಪಾಸು ದಿನದ ಟಿಕೆಟ್ಟುಗಳಿಗಿಂತ ಅಗ್ಗ, ಜಾಗವೂ ಖಾತ್ರಿ. ಮೊದಲ ಎರಡು ಸಾಲು ಅತಿಥಿಗಳಿಗೆಂದು ಮೀಸಲಿಟ್ಟು, ಅವರು ಬಾರದೆ ಖಾಲಿ ಉಳಿದದ್ದು ಸರಿಯಲ್ಲ. ನಾಟಕ ಶುರುವಾಗಿ ಹತ್ತು ನಿಮಿಷದ ಮೇಲೆ ಆ ಸಾಲುಗಳನ್ನು ಮಕ್ಕಳಿಗೆ ಬಿಟ್ಟುಕೊಡಬೇಕು. ನಾಟಕದ ಮೊದಲು ಸ್ವಾಗತ, ಹಾರ, ಶಾಲು, ಭಾಷಣ ಎಂದು ಮುಕ್ಕಾಲು ಗಂಟೆ ಹೋಗುತ್ತದೆ. ದೂರದ ಹಳ್ಳಿಗೆ ಮರಳಬೇಕಾದವರು ಆ ಮುಕ್ಕಾಲು ಗಂಟೆಯನ್ನು ನಾಟಕದ ಕೊನೆಯ ದೃಶ್ಯ ಬಿಟ್ಟು ಭರಿಸಬೇಕಾಗುತ್ತದೆ, ಮೂರನೆಯ ದಿನ ಕೊನೆಯ ಬಸ್ಸಿಗೆಂದು ಹತ್ತಿಪ್ಪತ್ತು ಜನ ಎದ್ದು ಹೋದದ್ದನ್ನು ಕಣ್ಣಾರೆ ಕಂಡೆ. ಮಧ್ಯಂತರದಲ್ಲಿ ಹೆಣ್ಣುಮಕ್ಕಳ ಸಂಘದವರು ಮಾರುತ್ತಿದ್ದ ಬಿಸಿ ಕಷಾಯ, ಹಲಸಿನ ಹಪ್ಪಳ, ತೊಡದೇವು ಎಲ್ಲವೂ ಮನೆಯ ರುಚಿಯವು, ಬೆಲೆಯೂ ನ್ಯಾಯದ್ದು. ಕುಳಿತುಕೊಳ್ಳಲು ಎಡಬದಿಯ ನಾಲ್ಕು ಐದನೆಯ ಸಾಲು ಅತ್ಯುತ್ತಮ: ಸ್ಪೀಕರಿನ ನೇರ ಹೊಡೆತ ಇಲ್ಲ, ನಟರ ಮುಖ ಕಾಣುತ್ತದೆ, ಕತ್ತು ಸ್ವಲ್ಪ ತಿರುಗಿಸಿದರೆ ವಾದ್ಯದವರ ಕೈಯೂ ಕಾಣುತ್ತದೆ. ಕಿವಿ ಮಂದವಾಗಿರುವ ದೊಡ್ಡಪ್ಪನಿಗೆ ನಾಲ್ಕನೆಯ ದಿನ ಅಲ್ಲಿಯೇ ಜಾಗ ಸಿಕ್ಕಿತ್ತು. ಬಸ್ಸಿನಲ್ಲಿ ಮರಳುವಾಗ ಅವರು ಕಳ್ಳನ ಹಾಡಿನ ಮಟ್ಟನ್ನು ಮೊಣಕಾಲಿನ ಮೇಲೆ ಬಾರಿಸುತ್ತಾ, ಹುಡುಗ ನಕ್ಕ ಜಾಗಕ್ಕೆ ಬಂದಾಗ ಬೆರಳು ನಿಲ್ಲಿಸಿ, ಒಂದು ಆವರ್ತನ ಬಿಟ್ಟು, ಮತ್ತೆ ಹಿಡಿಯುತ್ತಿದ್ದರು.